ಒಂದು ಪೆನ್ ಕ್ಯಾಪಿನ ಪುರಾಣ

ನಿನ್ನೆ ಒಂದು ಪೆನ್ ಕ್ಯಾಪಿಗೋಸ್ಕರ ವಿಮಾನ ರಿಪೇರಿ ಮಾಡೋ ಇಡೀ ಹ್ಯಾಂಗರ್ ಕೆಲಸ ನಿಲ್ಲಿಸ್ತು. ಪೆನ್ನು ನಂದು. ಕಿವಿ ಇನ್ನೂ ಬಿಸಿ ಇದೆ.

ಏರೋಸ್ಪೇಸ್ ಇಂಟರ್ನ್‌ಶಿಪ್ ಅಂತ ಸ್ಟೇಟಸ್ ಹಾಕ್ಕೊಂಡು ಮೆರೆದಿದ್ದೇ ಮೆರೆದಿದ್ದು, ರೆಕ್ಕೆ ಡಿಸೈನ್ ಮಾಡಿಸ್ತಾರೆ, ಕಮ್ಮಿ ಅಂದ್ರೂ ಗಾಳಿ ಹೆಂಗೆ ಹರಿಯುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋ ಸಿಎಫ್‌ಡಿ ರನ್ ಮಾಡಿಸ್ತಾರೆ ಅಂತ ಕಾದ್ರೆ ಮೂರು ವಾರ ಎಕ್ಸೆಲ್ಲಲ್ಲಿ ನಟ್ಟು ಬಿಗಿಯೋ ಟಾರ್ಕ್ ವ್ರೆಂಚುಗಳ ಕ್ಯಾಲಿಬ್ರೇಶನ್ ಡೇಟ್ ತುಂಬಿದ್ದೇ ಬಂತು. ನಿನ್ನೆ ಕೊನೆಗೂ ವಿಮಾನದ ಹತ್ರ ಬಿಟ್ರು. ರೆಕ್ಕೆಯ ಆಕ್ಸೆಸ್ ಪ್ಯಾನೆಲ್ ಬಿಚ್ಚಿತ್ತು, ಒಳಗೆ ಇಣುಕಿ ಪಾರ್ಟ್ ನಂಬರ್ ಬರ್ಕೋ ಅಂದ್ರು.

ನಮ್ಮ ಸೂಪರ್‌ವೈಸರಿಗೆ ಎಣಿಸೋ ಚಟ. ಶ್ಯಾಡೋ ಬೋರ್ಡಲ್ಲಿ ಪ್ರತಿ ಸ್ಪ್ಯಾನರಿಗೂ ಅದರದ್ದೇ ಆಕಾರದ ಜಾಗ ಇರುತ್ತಲ್ಲ, ಒಂದು ಕಮ್ಮಿ ಆದ್ರೂ ಕಣ್ಣಿಗೆ ರಾಚುತ್ತೆ, ಆದ್ರೂ ಇವರು ಬೆರಳಿಟ್ಟೇ ಎಣಿಸ್ಬೇಕು, ಬೆಳಗ್ಗೆ ಒಂದ್ಸಲ ಸಂಜೆ ಒಂದ್ಸಲ. ಆಮೇಲೆ ನಮ್ಮ ಜೇಬು.

"ಪೆನ್ ಎಷ್ಟು?"

"ಒಂದು ಸರ್."

"ಕ್ಯಾಪ್?"

ಮುಗೀತು ಕಥೆ. ಕ್ಯಾಪ್ ಸಿಗೋ ತನಕ ಪ್ಯಾನೆಲ್ ಮುಚ್ಚಂಗಿಲ್ಲ. ಬೋರ್‌ಸ್ಕೋಪ್ ಅಂತ ಸಂದಿಯೊಳಗೆ ತೂರಿಸಿ ನೋಡೋ ಕ್ಯಾಮೆರಾ ತಂದು ರೆಕ್ಕೆಯೊಳಗಿನ ರಿಬ್ಬುಗಳ ಸಂದಿಗೊಂದಿ ಎಲ್ಲಾ ನೋಡಿದ್ರು, ಏಳೆಂಟು ಜನ ಟಾರ್ಚ್ ಹಿಡ್ಕೊಂಡು ನೆಲದ ಮೇಲೆ ತೆವಳ್ತಿದ್ದಾರೆ, ಮಧ್ಯದಲ್ಲಿ ನಾನು ಬೋಳು ಪೆನ್ ಹಿಡ್ಕೊಂಡು ನಿಂತಿದೀನಿ. ಯಾವ ಕಲರ್ ಅಂತ ನಾಲ್ಕು ಜನ ಕೇಳಿದ್ರು, ನೀಲಿ ಅಂತ ನಾಲ್ಕು ಸಲ ಹೇಳ್ದೆ. ಐದನೆಯವರು ಫಾರ್ಮ್ ತುಂಬ್ತಾ ಉದ್ದ ಎಷ್ಟು ಮಿಲಿಮೀಟರ್ ಅಂದ್ರು. ಪಾರ್ಟ್ ನಂಬರ್ ಕೇಳ್ಲಿಲ್ವಲ್ಲ, ಅದೇ ಪುಣ್ಯ.

ಒಂದು ಕ್ಯಾಪಿಗೆ ಇಷ್ಟೊಂದಾ ಅಂತ ಗೊಣಗಿದ್ದು ಸೂಪರ್‌ವೈಸರಿಗೆ ಕೇಳಿಸ್ತು. ಬೈತಾರೆ ಅನ್ಕೊಂಡೆ, ಬೈಲಿಲ್ಲ. 2000ದಲ್ಲಿ ಪ್ಯಾರಿಸ್ ಹತ್ರ ಕಾಂಕಾರ್ಡ್ ಬಿತ್ತಲ್ಲ, ಬೇರೆ ವಿಮಾನದಿಂದ ಕಳಚಿ ರನ್‌ವೇಲಿ ಬಿದ್ದಿದ್ದ ಒಂದು ಲೋಹದ ಪಟ್ಟಿ, ಮೊಣಕೈಯಷ್ಟುದ್ದ ಇಲ್ಲ, ಟೈರ್ ಸೀಳ್ತು, ಟೈರಿನ ಚೂರು ಫ್ಯೂಯೆಲ್ ಟ್ಯಾಂಕಿಗೆ ಬಡೀತು, 113 ಜನ ಹೋದ್ರು, ಅಂದ್ರು. ಅಷ್ಟು ಹೇಳಿ ಮತ್ತೆ ಮೊಣಕಾಲೂರಿದ್ರು. ಮೊಣಕಾಲು ಲಟಕ್ ಅಂದಿದ್ದು ನಂಗೆ ಕೇಳಿಸ್ತು. ಇನ್ನೆರಡು ವರ್ಷಕ್ಕೆ ರಿಟೈರ್ಡ್ ಆಗೋ ಮನುಷ್ಯ. ಆಮೇಲೆ ನಾನೂ ತೆವಳಿದೆ.

ಎರಡೂವರೆ ಗಂಟೆ ಆದ್ಮೇಲೆ ಸಿಕ್ತು. ಎಲ್ಲಿ? ನನ್ನ ಪ್ಯಾಂಟಿನ ಮಡಿಕೆಯಲ್ಲಿ.

ಯಾರೂ ಏನೂ ಅನ್ಲಿಲ್ಲ, ಅದೇ ಇನ್ನೂ ಉರಿಯೋದು. ಅವರು ಕ್ಯಾಪ್ ಎತ್ತಿ ಬೆಳಕಿಗೆ ಹಿಡಿದು "ಒಂದು" ಅಂದು ಸೈನ್ ಹಾಕಿದ್ರು.

ಇವತ್ತು ಜಾಣತನ ಮಾಡಿ ಕ್ಲಿಕ್ ಪೆನ್ ತಗೊಂಡೋದೆ, ಕ್ಯಾಪೇ ಇಲ್ವಲ್ಲ. ಅವರು ಇಸ್ಕೊಂಡು ನಿಧಾನಕ್ಕೆ ತಿರುಗಿಸಿ ಬಿಚ್ಚಿದ್ರು. ಮೇಲಿನ ಅರ್ಧ, ಕೆಳಗಿನ ಅರ್ಧ, ರೀಫಿಲ್, ಸ್ಪ್ರಿಂಗ್.

"ನಾಲ್ಕು" ಅಂತ ಬರ್ಕೊಂಡ್ರು.