60ಕ್ಕೆ ರಿಟೈರ್ ಆದ ಬ್ಯಾಟರಿ

ನನ್ನ ಲ್ಯಾಪ್‌ಟಾಪಿನ ಹಳೆ ಬ್ಯಾಟರಿ ಕೊನೆಗಾಲದಲ್ಲಿ ಹೇಗಿತ್ತೆಂದರೆ, ಪ್ಲಗ್ ಕಿತ್ತು ನಡುಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಪ್ರಾಣ ಬಿಡುತ್ತಿತ್ತು. ಕರೆಂಟ್ ಹೋದರೆ ಮೀಟಿಂಗಿನಿಂದ ನಾನೂ ಹೋದಂತೆಯೇ. ಕೊನೆಗೊಂದು ಶನಿವಾರ ಧಾರವಾಡದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ, ಕೊಪ್ಪಿಕರ್ ರೋಡ್ ಕಡೆಯ ಒಂದು ಅಂಗಡಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದೆ. ಅಂಗಡಿಯವ ಸ್ಕ್ರೂ ಬಿಗಿಯುತ್ತ, ‘ಮೊದಲನೇ ಸಲ ಪೂರಾ ತುಂಬಿಸ್ರಿ ಸರ್ರ, ಆಮ್ಯಾಲೆ ಚಿಂತಿ ಇಲ್ಲ’ ಅಂದ.

ಮನೆಗೆ ಬಂದು ಚಾರ್ಜಿಗೆ ಹಾಕಿದೆ. 58 ಆಯಿತು, 59 ಆಯಿತು, 60 ಆಯಿತು. ಅಲ್ಲೇ ಕೂತಿತು. ರೊಟ್ಟಿ ಬದನೆಕಾಯಿ ಉಂಡು ಬಂದೆ, 60. ಒಂದು ನಿದ್ದೆ ಮುಗಿಸಿ ಎದ್ದು ನೋಡಿದೆ, 60. ‘ಪ್ಲಗ್ ಇದೆ, ಚಾರ್ಜ್ ಆಗುತ್ತಿಲ್ಲ’ ಎಂಬರ್ಥದ ಒಂದು ಸಾಲು ಮೂಲೆಯಲ್ಲಿ ನನ್ನನ್ನೇ ನೋಡುತ್ತಿತ್ತು.

ಪಕ್ಕದ ಮನೆಯ ರಿಟೈರ್ಡ್ ಮಾಸ್ತರ ಕಾಕಾಗೆ ಹೇಳಿದೆ. ‘60ಕ್ಕ ನಿಂತತೇನು? ಹಂಗಾರ ಅದು ರಾಜ್ಯ ಸರ್ಕಾರಿ ನೌಕರ ಇರಬೇಕು ಬಿಡಪಾ’ ಅಂದರು. ಅವ್ವನದು ಬೇರೆಯೇ ವೈದ್ಯ: ‘ಅದರ ಹೊಟ್ಟಿ ತುಂಬೇತಿ. ಒಲ್ಲೆ ಅನ್ನೋ ಕೂಸಿಗೆ ಎಷ್ಟಂತ ತುರಕತಿ?’

ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ‘ಮಾಮಾ, ಕ್ಯಾಲಿಬ್ರೇಷನ್ ಮಾಡು. ಪೂರ್ತಿ ಖಾಲಿ ಮಾಡಿ ಮತ್ತ ತುಂಬ್ಸು’ ಅಂದ. ಖಾಲಿ ಮಾಡುವುದೆಂದರೆ ಬ್ರೈಟ್‌ನೆಸ್ ಪೂರ್ತಿ ಏರಿಸಿ, ಯಾರೂ ನೋಡದ ವಿಡಿಯೋ ಹಚ್ಚಿ, ಎದುರಿಗೆ ಕಾವಲು ಕೂರುವುದು. ಅವ್ವ ಎರಡು ಸಲ ಹಾದುಹೋದಳು, ಮೂರನೇ ಸಲ ನಿಂತಳು. ‘ತುಂಬಸಾಕ ಖಾಲಿ ಮಾಡತಿ, ಖಾಲಿ ಮಾಡಾಕ ತುಂಬಸತಿ. ಇದಕ್ಕ ಸಾಲಿ ಕಲಿಸಿದ್ವೇನು ನಿನಗ?’ ಸಂಜೆ ಮತ್ತೆ ತುಂಬಿಸಿದೆ. 60. ಗೆಳೆಯನ 65 ವ್ಯಾಟಿನ ಚಾರ್ಜರ್ ತಂದು ಹಚ್ಚಿದೆ, ನನ್ನದು 45ರದು. ಫಲ ಸಿಕ್ಕಿತು: 60ಕ್ಕೆ ಬೇಗ ಬಂದು ನಿಂತಿತು.

ಅಳಿಯ ಸುಮ್ಮನಿರಲಿಲ್ಲ. ವಿಂಡೋಸ್‌ನ ಕರಿ ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿಸಿ ಬ್ಯಾಟರಿ ರಿಪೋರ್ಟ್ ತೆಗೆಸಿದ. ಬ್ಯಾಟರಿ ಹುಟ್ಟಿದಾಗಿನ ಸಾಮರ್ಥ್ಯ 45,000 ಮಿಲಿವ್ಯಾಟ್-ಅವರ್, ಈಗಿನ ಪೂರ್ಣ ಸಾಮರ್ಥ್ಯವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಕೊಡ ಗಟ್ಟಿಯಾಗಿಯೇ ಇದೆ, ನೀರು ಹಾಕುವವರೇ ಕೈ ತಡೆಯುತ್ತಿದ್ದಾರೆ. ಅದು ಅಷ್ಟು ಸ್ಪಷ್ಟವಾಗಿ ಬರೆದಿತ್ತು. ನಾನು ಓದಿದ್ದು ಮಾತ್ರ ಬೇರೆ: ಡೂಪ್ಲಿಕೇಟ್ ಮಾಲು, ಅಂಕಿಯೂ ಸುಳ್ಳು!

ಮತ್ತೆ ಚಿಗರಿ. ನವಲೂರು ದಾಟಿದಾಗ ಜಗಳದ ಪೀಠಿಕೆ ಸಿದ್ಧವಾಯಿತು, ಉಣಕಲ್ ಬರುವಷ್ಟರಲ್ಲಿ ಗ್ರಾಹಕರ ಕೋರ್ಟಿನವರೆಗೆ ಮುಟ್ಟಿದ್ದೆ. ಅಂಗಡಿಯವ ಒಂದು ಮಾತೂ ಆಡದೆ ಇನ್ನೊಂದು ಬ್ಯಾಟರಿ ಹಾಕಿಬಿಟ್ಟ. ‘ತಗೋರಿ ಸರ್ರ, ಒಂದೊಂದು ಪೀಸ್ ಹಂಗ ಬರ್ತಾವ.’ ತಯಾರಿ ಮಾಡಿಕೊಂಡ ಜಗಳ ಹಾಗೇ ಉಳಿದರೆ ಹೊಟ್ಟೆಯಲ್ಲಿ ಏನೋ ಖಾಲಿ ಖಾಲಿ. ದುರ್ಗದಬೈಲಿಗೆ ಹೋಗಿ ಗಿರಮಿಟ್, ಮೇಲೆರಡು ಮಿರ್ಚಿ ಹಾಕಿ ಅದನ್ನು ತುಂಬಿಸಿದೆ. ನೂರಕ್ಕೆ ನೂರು ತುಂಬಿತು.

ಮನೆಗೆ ಬಂದು ಹಚ್ಚಿದೆ. 60.

ಇಬ್ಬರು ಹುಡುಗರ ಉತ್ತರಪತ್ರಿಕೆಯಲ್ಲಿ ಒಂದೇ ತಪ್ಪು ಕಂಡರೆ ಯಾವ ಮಾಸ್ತರಿಗಾದರೂ ಸಂಶಯ ಬರುತ್ತದೆ. ನನಗೆ ಬರಲು ಎರಡು ದಿನ ಬೇಕಾಯಿತು. ಲ್ಯಾಪ್‌ಟಾಪ್ ಕಂಪನಿಯದೇ ಆ್ಯಪ್ ತೆರೆದು, ಪವರ್ ಪುಟದ ತಳದವರೆಗೆ ಸರಿಸಿದೆ. ಅಲ್ಲೊಂದು ಸ್ವಿಚ್: ಬ್ಯಾಟರಿ ಬಹುಕಾಲ ಬಾಳಲು ಚಾರ್ಜನ್ನು 60ಕ್ಕೆ ನಿಲ್ಲಿಸು. ಆನ್ ಇತ್ತು.

ಮಾಡಿದವರಾರು? 2020ರ ಲಾಕ್‌ಡೌನ್ ನೆನಪಾಯಿತು. ದಿನವಿಡೀ ಪ್ಲಗ್ಗಿಗೇ ಅಂಟಿದ ಕೆಲಸ. ಲಿಥಿಯಂ ಬ್ಯಾಟರಿ ಸದಾ ನೂರರಲ್ಲಿ, ಅದೂ ಬಿಸಿಯಲ್ಲಿ ಕೂತರೆ ಬೇಗ ಮುಪ್ಪಾಗುತ್ತದೆಂದು ಎಲ್ಲೋ ಓದಿ, ಜಾಣತನದಿಂದ ಆ ಸ್ವಿಚ್ ಒತ್ತಿದ ಕೈ ಇದೇ. ಆ ಅಪ್ಪಣೆ ಉಳಿದದ್ದು ಬ್ಯಾಟರಿಯಲ್ಲಲ್ಲ, ಲ್ಯಾಪ್‌ಟಾಪಿನಲ್ಲಿ. ಇನ್ನೂ ಹತ್ತು ಬ್ಯಾಟರಿ ಬದಲಿಸಿದ್ದರೂ ಹತ್ತೂ 60ಕ್ಕೇ ಕೈ ಮುಗಿಯುತ್ತಿದ್ದವು. (ಲಿಥಿಯಂ ಬ್ಯಾಟರಿಗಾಗಿ 2019ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬರ ಮನೆತನದ ಹೆಸರು ಗುಡ್‌ಇನಫ್. ‘ಇಷ್ಟು ಸಾಕು’ ಅಂತ ಹೆಸರಲ್ಲೇ ಇದೆ. ಅವ್ವ ಹೇಳಿದ್ದೂ ಅದನ್ನೇ, ಅವಳಿಗೆ ನೊಬೆಲ್ ಇಲ್ಲ.)

ಸ್ವಿಚ್ ಆರಿಸಿದೆ. 61 ಆಯಿತು. ಇಷ್ಟು ಚೆಂದದ ಸಂಖ್ಯೆ ನಾನು ನೋಡಿರಲಿಲ್ಲ.

ಮರುದಿನ ಅಂಗಡಿಯವನ ಫೋನ್ ಬಂತು. ‘ಏನಾತ್ರಿ ಸರ್ರ, ತುಂಬತೇನ್ರಿ?’

‘ತುಂಬೇತ್ರಿ. ಸೆಟ್ಟಿಂಗ್‌ದಾಗ ಯಾರೋ ಕೈಯಾಡಿಸಿದ್ರು.’

‘ಮನ್ಯಾಗ ಸಣ್ಣ ಹುಡುಗರು ಅದಾರೇನ್ರಿ?’

‘ಒಬ್ಬಾಂವ ಅದಾನ್ರಿ’ ಅಂದೆ.

‘ಅವನ ಕೈಯಾಗ ಕೊಡಬ್ಯಾಡ್ರಿ ಮತ್ತ.’