ಎಷ್ಟು ಎಕರೆಗೆ ಬೇಕ್ರಿ?

"ಎಷ್ಟು ಎಕರೆಗೆ ಬೇಕ್ರಿ ಸರ?" ಎಂದು ಗೊಬ್ಬರದಂಗಡಿಯವನು ಕೇಳಿದಾಗ, 30 ವರ್ಷ ಗಣಿತ ಕಲಿಸಿದ ನಾನು ಉತ್ತರ ನಿಖರವಾಗಿರಲೆಂದು, "ಎರಡು ಮರಿ, ಎಂಟು ಕಾಲು, ಕಾಲಿಗೆರಡು ಸೀಳಿನಂತೆ ಹದಿನಾರು ಗೊರಸು" ಎಂದುಬಿಟ್ಟೆ. ಅಂಗಡಿಯಲ್ಲಿದ್ದ ನಾಲ್ಕೈದು ರೈತರು ಒಮ್ಮೆಲೇ ನನ್ನ ಕಡೆ ತಿರುಗಿದರು. ನಾನು ಕೇಳಿದ್ದು ಜಿಂಕ್ ಸಲ್ಫೇಟ್. ಅದು ಹೊಲಕ್ಕೆ ಹಾಕುವ ವಸ್ತುವೆಂಬುದು ಅವರಿಗೆಲ್ಲ ಗೊತ್ತಿತ್ತು. ಆಡಿನ ಕಾಲಿಗೂ ಆಗುತ್ತದೆಂಬುದು ನನಗೇ ಹಿಂದಿನ ಸಂಜೆ ಗೊತ್ತಾದದ್ದು.

ತಪ್ಪು ಜೇವರ್ಗಿ ಕಡೆಯ ನಮ್ಮ ಎರೆ ಭೂಮಿಯದು. ಬೇಸಿಗೆಯಲ್ಲಿ ಮುಂಗೈ ಇಳಿಯುವಷ್ಟು ಬಿರಿಯುವ ಈ ಮಣ್ಣು, ನಾಲ್ಕು ದಿನ ಜಡಿಮಳೆ ಹಿಡಿಯಿತೆಂದರೆ ಚಪ್ಪಲಿಯನ್ನು ತಾನಿಟ್ಟುಕೊಂಡು ಮನುಷ್ಯನನ್ನು ಮಾತ್ರ ಮುಂದೆ ಕಳಿಸುತ್ತದೆ. ಆಡಿಗೆ ಬಿಟ್ಟುಕೊಡಲು ಚಪ್ಪಲಿಯೂ ಇಲ್ಲ. ಗೊರಸಿನ ಸಂದಿಯಲ್ಲಿ ಕೂತ ಕೆಸರು ಅಲ್ಲೇ ನೆನೆದು, ಚರ್ಮ ಬೆಳ್ಳಗಾಗಿ, ಮೆತ್ತಗಾಗಿ, ಕೊನೆಗೆ ಹುಣ್ಣಾಗಿ, ಒಂದು ಬೆಳಿಗ್ಗೆ ಚಿಕ್ಕ ಮರಿ ಮುಂಗಾಲೊಂದನ್ನು ಎತ್ತಿ ಹಿಡಿದು ಮೂರೇ ಕಾಲಿನಲ್ಲಿ ಹೊರಗೆ ಬಂದಿತು. ಕಾಲು ಹಿಡಿದು ಮೂಸಿದೆ. ಆ ದಿನದ ಚುರುಮುರಿ ಸುಸಲಾ ನನಗೆ ಸೇರಲಿಲ್ಲ. "ನಿನಗಾದದ್ದೇ ಅದಕ್ಕೂ ಆಗ್ಯಾದ, ಕೆಸರು ಹುಣ್ಣು" ಎಂದಳು ಅವ್ವ, ನನ್ನ ಕಾಲ್ಬೆರಳ ಸಂದಿಯ ಕಡೆ ಕೈತೋರಿಸುತ್ತ.

ನನಗೆ ಕಾಲುಬಾಯಿ ಬೇನೆಯ ಭಯ. ಅದು ಬಂದರೆ ಎಳೆಯ ಮರಿಗಳ ಹೃದಯಕ್ಕೇ ಪೆಟ್ಟು ಕೊಟ್ಟು ಪ್ರಾಣ ತೆಗೆಯುತ್ತದೆ ಎಂದು ಕೇಳಿದ್ದೆ. ಬೀದರಿನಲ್ಲಿ ಪಶುವೈದ್ಯಕೀಯ ಓದಿ ಬಂದ ನನ್ನ ಹಳೆಯ ವಿದ್ಯಾರ್ಥಿಗೆ ಫೋನು ಮಾಡಿದೆ. ಶೇಕಡಾವಾರು ಲೆಕ್ಕ ತಪ್ಪಿದ್ದಕ್ಕೆ ಅವನನ್ನು ಒಂದಿಡೀ ಪಿರಿಯಡ್ಡು ಬೆಂಚಿನ ಮೇಲೆ ನಿಲ್ಲಿಸಿದ್ದು ನನಗೆ ನೆನಪಿತ್ತು. ಅವನಿಗೆ ಮರೆತಿರಲೆಂಬುದು ನನ್ನ ಆಸೆ. "ಬಾಯಾಗ ಗುಳ್ಳಿ ಅವೇನ್ರಿ ಸರ? ಜೊಲ್ಲು ಸುರಸ್ತದೇನು? ಇನ್ನೊಂದು ಮರೀನೂ ಕುಂಟ್ತದೇನು?" ಎಂದು ಒಂದೊಂದಾಗಿ ಕೇಳಿ, ಯಾವುದೂ ಇಲ್ಲವೆಂದ ಮೇಲೂ ತಾನೇ ಬಂದು ನೋಡಿದನು. ಇದು ಗೊರಸು ಕೊಳೆಯುವ ರೋಗವೆಂದೂ, ನೆನೆದ ಚರ್ಮದಲ್ಲಿ ಫ್ಯೂಸೋಬ್ಯಾಕ್ಟೀರಿಯಂ ನೆಕ್ರೋಫೋರಂ ಎಂಬ ಬ್ಯಾಕ್ಟೀರಿಯಾ ಮೊದಲು ಮನೆ ಮಾಡಿದರೆ ಡೈಕೆಲೋಬ್ಯಾಕ್ಟರ್ ನೋಡೋಸಸ್ ಎಂಬ ಇನ್ನೊಂದು ಹಿಂದಿನಿಂದ ಬಂದು ಗೊರಸನ್ನೇ ಕರಗಿಸುತ್ತದೆಂದೂ ವಿವರಿಸಿದನು. ಎರಡು ಬೆರಳಗಲದ ಗೊರಸಿನಲ್ಲಿ ಇಷ್ಟುದ್ದ ಹೆಸರಿನವರು ಹೇಗೆ ಹಿಡಿಸಿದರೋ ತಿಳಿಯದು.

ಮಡಚಿ ಬೆಳೆದ ಗೊರಸಿನ ಅಂಚನ್ನು ಅವನು ಚಾಕುವಿನಿಂದ ಪದರ ಪದರವಾಗಿ ಹೆರೆದು, ಗುಲಾಬಿ ಬಣ್ಣ ಇಣುಕಿದ ಕೂಡಲೇ ನಿಲ್ಲಿಸಿದನು. ಅದಕ್ಕಿಂತ ಒಂದು ಪದರ ಹೆಚ್ಚಿಗೆ ಹೋದರೆ ರಕ್ತ. ಎರಡನೆಯ ಮರಿಯನ್ನು ನಾನೇ ಹೆರೆಯುತ್ತೇನೆಂದು, ಕುದಿಯುವ ನೀರಿನಲ್ಲಿ ಅದ್ದಿ ತೆಗೆದ ಚಾಕುವನ್ನು ಇಸಿದುಕೊಂಡೆ. ಗುಲಾಬಿ ಬಣ್ಣ ಕಾಣುವುದರೊಳಗೆ ಕೆಂಪು ಬಣ್ಣ ಕಂಡಿತು, ಆದರೆ ಅದು ನನ್ನ ಹೆಬ್ಬೆರಳಿನದು. ಮರಿಗೆಂದು ತಂದ ಅಯೋಡಿನ್ನಿನ ಅರ್ಧ ಬಾಟಲಿ ನನಗೇ ಖರ್ಚಾಯಿತು. ಅಷ್ಟರಲ್ಲಿ ಅವ್ವ ಅಟ್ಟದಿಂದ ಮೈಲುತುತ್ತದ ಡಬ್ಬಿ ಇಳಿಸಿದ್ದಳು. ಅದೂ ನಡೆಯುತ್ತದೆ, ಆದರೆ ಮರಿ ಕುಡಿದುಬಿಟ್ಟರೆ ವಿಷ ಎಂದು ವೈದ್ಯನು ಡಬ್ಬಿಯನ್ನು ಮತ್ತೆ ಅಟ್ಟಕ್ಕೇರಿಸಿದನು. "ಜಿಂಕ್ ಸಲ್ಫೇಟ್ ತರ್ರಿ. ನೂರಕ್ಕ ಹತ್ತರಂಗ ಕಲಸಬೇಕು. 10 ಲೀಟರ್ ನೀರಿಗೆ ಎಷ್ಟಾಯ್ತು, ಲೆಕ್ಕ ಹಾಕ್ರಿ ಸರ." ಅವನಿಗೆ ಮರೆತಿರಲಿಲ್ಲ.

ಒಂದು ಕಿಲೋ ಬೇಕಾಗಿದ್ದಲ್ಲಿ ಅಂಗಡಿಯವನು 10 ಕಿಲೋ ಚೀಲವನ್ನೇ ಕೊಟ್ಟನು. ಮರಿಗಳಿಗೆ ಔಷಧದ ನೀರಿನ ಆಸೆ ಹುಟ್ಟದಿರಲೆಂದು ಮೊದಲೇ ಹೊಟ್ಟೆ ತುಂಬ ನೀರು ಕುಡಿಸಿ, ಬಟ್ಟೆ ಒಗೆಯುವ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದನ್ನು ನಿಲ್ಲಿಸಿದೆ. 10 ನಿಮಿಷ ನಿಲ್ಲಬೇಕೆಂಬುದು ನಿಯಮ. ಅದು ನಿಂತದ್ದು 10 ಸೆಕೆಂಡು. ಕೊನೆಗೆ ಪಂಚೆ ಎತ್ತಿ ಕಟ್ಟಿ, ಮರಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ನಾನೂ ಟಬ್ಬಿನೊಳಗೆ ನಿಂತೆ. ಮೂರನೆಯ ನಿಮಿಷಕ್ಕೆ ನನ್ನ ಕೆಸರು ಹುಣ್ಣಿಗೆ ಔಷಧ ತಾಗಿ ಕಣ್ಣಲ್ಲಿ ನೀರು ಬಂದಿತು. ಆರನೆಯ ನಿಮಿಷಕ್ಕೆ ಕಡ ಕೇಳಲು ಬಂದ ಪಕ್ಕದ ಮನೆಯವನು, ತುಂತುರು ಮಳೆಯಲ್ಲಿ ಟಬ್ಬಿನೊಳಗೆ ಆಡಿನೊಂದಿಗೆ ನಿಂತು ಗಡಿಯಾರ ನೋಡುತ್ತ ಅಳುತ್ತಿರುವ ಮಾಸ್ತರನನ್ನು ಕಂಡು, ಕಡ ಕೇಳದೆಯೇ ಹಿಂದಿರುಗಿದನು. ಔಷಧದ ಈ ಗುಣವನ್ನು ವೈದ್ಯನು ಹೇಳಿರಲಿಲ್ಲ.

ಕಾಲು ಒಣಗದಿದ್ದರೆ ಟಬ್ಬಿನ ಶ್ರಮವೆಲ್ಲ ದಂಡ. ಮನೆಯಲ್ಲಿ ಒಣಗಿದ ನೆಲವೆಂದರೆ ಶಹಾಬಾದ್ ಫರಸಿ ಹಾಸಿದ ಪಡಸಾಲೆಯೊಂದೇ. ಹೀಗಾಗಿ ನಾನು ಪೇಪರು ಓದುವ ಜಾಗಕ್ಕೆ ಕುಂಟುವ ಮರಿ ಬಂದಿತು, ಪೇಪರಿನ ಜೊತೆ ನಾನು ಕಟ್ಟೆಗೆ ಹೋದೆ. ಇನ್ನೊಂದು ಮರಿಯನ್ನು ಬೇರೆಯೇ ಕಟ್ಟಿದ್ದರಿಂದ ರಾತ್ರಿಯಿಡೀ ಇದು ಒಳಗಿನಿಂದ, ಅದು ಹೊರಗಿನಿಂದ ಕೂಗಿ ಕ್ಷೇಮಸಮಾಚಾರ ವಿಚಾರಿಸಿಕೊಂಡವು.

ವಾರ ಕಳೆದು ವೈದ್ಯನು ಬಂದಾಗ ಮರಿ ನಾಲ್ಕೂ ಕಾಲೂರಿ ಪಡಸಾಲೆಯ ಮಂಚವೇರಿತ್ತು. ಗೊರಸನ್ನು ಅಗಲಿಸಿ ನೋಡಿ, ವಾಸಿಯಾಗಿದೆ, ಇಂಜೆಕ್ಷನ್ ಬೇಡ ಎಂದನು. ಅವನನ್ನು ಬಾಗಿಲವರೆಗೆ ಕಳಿಸಲು ಎದ್ದೆ. ನನ್ನ ನಡಿಗೆಯನ್ನು ಅವನು ಹೊಸ್ತಿಲಲ್ಲಿ ನಿಂತು ನೋಡಿದನು.

"ಯಾವ ಕಾಲ್ರಿ ಸರ?"

"ಎಡಗಾಲು" ಎಂದೆ.

"ನಿಮಗ ಬ್ಯಾರೆ ಡಾಕ್ಟರ್ ಅದಾರ್ರಿ" ಎಂದು ಬೈಕಿಗೆ ಕಿಕ್ ಹೊಡೆದನು.