ಶಾಲೆಗೆ ಪೊಲೀಸ್ ಇರಲೇಬೇಕಂತೆ, ಕೌನ್ಸೆಲರ್ ಇದ್ದರೆ ಇರಲಿ, ಇಲ್ಲದಿದ್ದರೆ ಬೇಡವಂತೆ

ನಿನ್ನೆ ಇಲ್ಲಿ ಟೆಕ್ಸಾಸ್‌ನಲ್ಲಿ ನಮ್ಮ ಸ್ಕೂಲ್ ಬೋರ್ಡ್ ಮೀಟಿಂಗ್ ಮುಗಿಸಿ ಮನೆಗೆ ಬಂದಾಗ ರಾತ್ರಿ ಹನ್ನೊಂದು ದಾಟಿತ್ತು. ಆಗಿನಿಂದ ಹೊಟ್ಟೆ ಉರಿಯುತ್ತಿದೆ. ಮುಂದಿನ ವರ್ಷದ ಬಜೆಟ್‌ನಲ್ಲಿ, ಮಕ್ಕಳ ಮನಸ್ಸಿನ ಕಷ್ಟ ಕೇಳುವ ಕೌನ್ಸೆಲರ್ ಹುದ್ದೆಗಳಿಗೆ ಕತ್ತರಿ ಬಿದ್ದಿದೆ. ಎರಡು ಎಲಿಮೆಂಟರಿ ಶಾಲೆಗೆ ಒಬ್ಬರೇ ಕೌನ್ಸೆಲರ್ ಅನ್ನುವ ಏರ್ಪಾಡು ಇಷ್ಟು ದಿನ ಕೆಲವು ಕಡೆ ಮಾತ್ರ ಇತ್ತು, ಇನ್ನು ಮುಂದೆ ಬಹಳ ಕಡೆ ಹಾಗೇ. ಅದೇ ಹಾಳೆಯಲ್ಲಿ ಕೆಳಗೆ ನೋಡಿದರೆ ಬಂದೂಕು ಇಟ್ಟುಕೊಂಡ ಸೆಕ್ಯುರಿಟಿ ಆಫೀಸರ್‌ಗಳ ಖರ್ಚು ಏರಿದೆ. ಒಬ್ಬ ತಾಯಿ ಎದ್ದು ನಿಂತು ಯಾಕೆ ಹೀಗೆ ಎಂದು ಕೇಳಿದರು. ಆಫೀಸರ್ ಇಡುವುದು ಕಾನೂನು, ಕೌನ್ಸೆಲರ್ ಇಡುವುದು ನಮ್ಮ ಕೈಲಾದಷ್ಟು. ಬಂದ ಉತ್ತರದ ಅರ್ಥ ಇಷ್ಟೇ.

ಮನೆಗೆ ಬಂದು ನಮ್ಮ ಕನ್ನಡ ಪೇರೆಂಟ್ಸ್ ಗ್ರೂಪಿನಲ್ಲಿ ಇದನ್ನು ಹಾಕಿದೆ. ಮೊದಲ ಉತ್ತರವೇ, "ಪೊಲೀಸ್ ಇದ್ದರೆ ನಮಗೂ ನೆಮ್ಮದಿ ಅಲ್ವಾ ಅಕ್ಕ?" ಆಮೇಲೆ ಹತ್ತು ಜನರ ಥಂಬ್ಸ್ ಅಪ್. ಅಲ್ಲಿ ಬೆರಳಲ್ಲಿ ಒತ್ತಿ ಒತ್ತಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಓದಿ.

ಊರಲ್ಲಿರುವ ಸ್ನೇಹಿತರಿಗೆ ಸ್ವಲ್ಪ ಹಿನ್ನೆಲೆ. ಟೆಕ್ಸಾಸ್‌ನಲ್ಲಿ 2023ರಲ್ಲಿ ಹೌಸ್ ಬಿಲ್ 3 ಅನ್ನುವ ಕಾನೂನು ಬಂತು. ಆ ವರ್ಷದ ಸೆಪ್ಟೆಂಬರ್ 1ರಿಂದ ಪ್ರತಿಯೊಂದು ಸರ್ಕಾರಿ ಶಾಲೆಯಲ್ಲೂ, ಪುಟ್ಟ ಮಕ್ಕಳ ಶಾಲೆಯೂ ಸೇರಿ, ಶಾಲೆ ನಡೆಯುವಷ್ಟು ಹೊತ್ತೂ ಕನಿಷ್ಠ ಒಬ್ಬ ಶಸ್ತ್ರಧಾರಿ ಆಫೀಸರ್ ಇರಲೇಬೇಕು. ಇದಕ್ಕೆ ರಾಜ್ಯ ಕೊಟ್ಟಿದ್ದು ವರ್ಷಕ್ಕೆ ಒಂದು ಶಾಲೆಗೆ 15,000 ಡಾಲರ್, ಜೊತೆಗೆ ಮಗುವಿಗೆ 10 ಡಾಲರ್. ಇಲ್ಲಿ ಬದುಕುವವರಿಗೆ ಗೊತ್ತು, ಒಬ್ಬ ಪೊಲೀಸರ ಸಂಬಳ, ಇನ್ಶೂರೆನ್ಸ್, ಗಾಡಿ ಎಲ್ಲ ಸೇರಿಸಿದರೆ ಆ 15,000 ಯಾವ ಮೂಲೆಗೆ? ಉಳಿದದ್ದನ್ನು ಸ್ಕೂಲ್ ಡಿಸ್ಟ್ರಿಕ್ಟ್‌ಗಳೇ, ಅಂದರೆ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗಳೇ, ತುಂಬಿಕೊಳ್ಳಬೇಕು. ಎಲ್ಲಿಂದ ತುಂಬುವುದು? ಪ್ರತಿ ಮಗುವಿಗೆ ರಾಜ್ಯ ಕೊಡುವ ಮೂಲ ಮೊತ್ತ 2019ರಿಂದ 6,160 ಡಾಲರ್‌ನಲ್ಲೇ ನಿಂತಿತ್ತು. ಹಾಲು, ಮೊಟ್ಟೆ, ಬಾಡಿಗೆ ಎಲ್ಲ ಏರಿದ ವರ್ಷಗಳಲ್ಲಿ ಅದು ಒಂದು ಡಾಲರ್ ಕೂಡ ಏರಲಿಲ್ಲ. 2023ರಲ್ಲಿ ರಾಜ್ಯದ ಬೊಕ್ಕಸದಲ್ಲಿ 32.7 ಬಿಲಿಯನ್ ಡಾಲರ್ ಹೆಚ್ಚುವರಿ ಹಣ ಇತ್ತು. ಆಗಲೂ ಏರಲಿಲ್ಲ. 2025ರಲ್ಲಿ ಏರಿಸಿದ್ದು 55 ಡಾಲರ್. ಅದೇ ವರ್ಷ ಸೆಕ್ಯುರಿಟಿ ಹಣವನ್ನು ಮಗುವಿಗೆ 10ರಿಂದ 20 ಡಾಲರ್‌ಗೆ ಏರಿಸಿದರು, ಶಾಲೆಗೆ ಕೊಡುವುದನ್ನೂ ಎರಡು ಪಟ್ಟಿಗಿಂತ ಜಾಸ್ತಿ ಮಾಡಿದರು. ಒಳ್ಳೆಯದೇ. ಆದರೂ ಸಾಲುತ್ತಿಲ್ಲ ಅಂತಲೇ ನಿನ್ನೆಯ ಮೀಟಿಂಗ್‌ನಲ್ಲಿ ಹೇಳಿದರು. ಸಾಲದೇ ಹೋದಾಗ ಮೊದಲು ಹೋಗುವುದು ಕಾನೂನು ಕಡ್ಡಾಯ ಮಾಡದ ಕೆಲಸಗಳು. ಅಂದರೆ ಕೌನ್ಸೆಲರ್, ಲೈಬ್ರರಿಯನ್, ಅಸಿಸ್ಟೆಂಟ್ ಟೀಚರ್.

ನನಗೆ ಹೆಚ್ಚು ನೋವಾಗುವುದು ಏನು ಗೊತ್ತಾ? ಆ ಸೆಕ್ಯುರಿಟಿ ಹಣವನ್ನು ಮಾನಸಿಕ ಆರೋಗ್ಯದ ಸಿಬ್ಬಂದಿಗೂ ಖರ್ಚು ಮಾಡಬಹುದು ಅಂತ ಕಾನೂನಿನಲ್ಲೇ ಬರೆದಿದೆ. ಆದರೆ ಆಫೀಸರ್‌ಗೇ ಸಾಲದ ಹಣದಲ್ಲಿ ಕೌನ್ಸೆಲರ್‌ಗೆ ಉಳಿಯುವುದೇನು? 2023ರಲ್ಲೇ ಇನ್ನೊಂದು ಕಾನೂನೂ ಮಾಡಿದರು. ಅದರ ಪ್ರಕಾರ ಇದೇ ಹಣದಿಂದ ಶಾಲೆಗಳು ಧರ್ಮಬೋಧಕರನ್ನು ಕೂಡ ಇಟ್ಟುಕೊಳ್ಳಬಹುದು. ಕೌನ್ಸೆಲರ್‌ಗೆ ಓದು ಬೇಕು, ಪರೀಕ್ಷೆ ಬೇಕು, ಸರ್ಟಿಫಿಕೇಟ್ ಬೇಕು. ಧರ್ಮಬೋಧಕರಿಗೆ ಆ ಸರ್ಟಿಫಿಕೇಟ್ ಬೇಕಿಲ್ಲ. ನಾನು ದೇವರನ್ನು ನಂಬುವವಳು, ನಿಮಗೆ ಗೊತ್ತು. ಆದರೆ ರಾತ್ರಿ ನಿದ್ದೆ ಬರದೆ ಕೈ ಕೊಯ್ದುಕೊಳ್ಳುವ ಹದಿಮೂರು ವರ್ಷದ ಮಗುವಿನ ಹತ್ತಿರ ಕೂರಲು ಅದಕ್ಕೆಂದೇ ಓದಿದವರು ಬೇಕು.

ಆಫೀಸರ್ ಕಡ್ಡಾಯದ ಕಾನೂನು ಹುಟ್ಟಿದ್ದು ಟೆಕ್ಸಾಸ್‌ನದೇ ಊರಾದ ಉವಾಲ್ಡಿಯ ಶಾಲೆಯಲ್ಲಾದ ಗುಂಡಿನ ದಾಳಿಯಿಂದ. 2022ರ ಮೇ 24. ರಾಬ್ ಎಲಿಮೆಂಟರಿಯಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಹೋದರು. ಅವತ್ತು ಆ ಶಾಲೆಗೆ ಬಂದ ಪೊಲೀಸರು, ಎಲ್ಲ ಇಲಾಖೆಯವರೂ ಸೇರಿ, 376 ಜನ. ಕೊಂದವನನ್ನು ಎದುರಿಸಲು ಒಳಗೆ ಹೋಗುವುದಕ್ಕೆ ಅವರಿಗೆ 77 ನಿಮಿಷ ಬೇಕಾಯಿತು. ಅಷ್ಟು ಹೊತ್ತೂ ಮಕ್ಕಳು ಒಳಗಿನಿಂದ ತುರ್ತು ಸಹಾಯದ 911ಗೆ ಫೋನ್ ಮಾಡುತ್ತಿದ್ದರು, ಅಪ್ಪ ಅಮ್ಮಂದಿರು ಹೊರಗೆ ಪೊಲೀಸರ ಕಾಲು ಹಿಡಿಯುವುದೊಂದು ಬಾಕಿ. ಆ ಡಿಸ್ಟ್ರಿಕ್ಟ್‌ಗೆ ತನ್ನದೇ ಸ್ವಂತ ಪೊಲೀಸ್ ವಿಭಾಗ ಇತ್ತು. ಅಂಥ ದಿನದಿಂದ ಕಲಿತ ಪಾಠ, ಪ್ರತಿ ಶಾಲೆಗೂ ಒಬ್ಬ ಪೊಲೀಸ್ ಎನ್ನುವುದೇ? 376 ಜನ ಮಾಡಲಾಗದ್ದನ್ನು ಒಬ್ಬ ಮಾಡುತ್ತಾನೆಂದು ನಂಬಿ ನಾನು ನನ್ನ ಮಗನನ್ನು ಕಾರ್ ಲೈನ್‌ನಲ್ಲಿ ಇಳಿಸಿ ಬರಬೇಕೇ?

ಉವಾಲ್ಡಿಯಲ್ಲಿ ಗುಂಡು ಹಾರಿಸಿದ ಹುಡುಗ ಹದಿನೆಂಟು ತುಂಬಿದ ಕೆಲವೇ ದಿನಗಳಲ್ಲಿ ಎರಡು ರೈಫಲ್ ಕೊಂಡಿದ್ದ. ಕಾನೂನುಬದ್ಧವಾಗಿಯೇ ಕೊಂಡಿದ್ದ. ಅಂಥ ರೈಫಲ್ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿ ಎಂದು ಮಕ್ಕಳನ್ನು ಕಳೆದುಕೊಂಡವರು ತಿಂಗಳುಗಟ್ಟಲೆ ರಾಜ್ಯದ ರಾಜಧಾನಿ ಆಸ್ಟಿನ್‌ಗೆ ಓಡಾಡಿದರು. 2023ರ ಮೇ 6ರಂದು ಡಲ್ಲಾಸ್ ಹತ್ತಿರದ ಅಲೆನ್ ಔಟ್‌ಲೆಟ್ ಮಾಲ್‌ನಲ್ಲಿ ಗುಂಡಿನ ದಾಳಿಗೆ ಎಂಟು ಜನ ಸತ್ತರು, ಹೈದರಾಬಾದಿನ ಒಬ್ಬ ಹುಡುಗಿಯೂ ಅವರಲ್ಲಿ. ಡಲ್ಲಾಸ್ ಕಡೆಯ ಕನ್ನಡಿಗರಲ್ಲಿ ಆ ಮಾಲ್‌ಗೆ ಹೋಗದವರು ಯಾರಿದ್ದಾರೆ? ಊರಿಗೆ ಹೊರಡುವ ಮುಂಚೆ ಅಲ್ಲಿಯೇ ಶೂ, ಪರ್ಸ್ ಕೊಳ್ಳುತ್ತೇವೆ. ಅದಾಗಿ ಎರಡು ದಿನಕ್ಕೆ ವಯಸ್ಸಿನ ಬಿಲ್ ಕಮಿಟಿಯಲ್ಲಿ 8-5 ಮತಗಳಿಂದ ಪಾಸಾಯಿತು. ಆಗ ಒಂದು ಕ್ಷಣ ಆಸೆ ಚಿಗುರಿತ್ತು. ಸದನದ ಮುಂದೆ ಅದು ಬರಲೇ ಇಲ್ಲ, ಗಡುವು ಮುಗಿಯಿತು ಎಂದರು. ಅದೇ ಅಧಿವೇಶನದಲ್ಲಿ ಶಾಲೆಗೆ ಬಂದೂಕಿನ ಆಫೀಸರ್ ಕಡ್ಡಾಯವಾದ. ಅಂದರೆ ಹೊರಗಿನ ಬಂದೂಕನ್ನು ಮುಟ್ಟುವುದಿಲ್ಲ, ಒಳಗೆ ಇನ್ನೊಂದನ್ನು ಇಡುತ್ತೇವೆ ಎಂದಾಯಿತು.

ಇದು ಟೆಕ್ಸಾಸ್ ಕಥೆ ಮಾತ್ರವಲ್ಲ. 1999ರಲ್ಲಿ ಕೊಲೊರಾಡೋದ ಕೊಲಂಬೈನ್ ಹೈಸ್ಕೂಲಿನಲ್ಲಿ ಗುಂಡಿನ ದಾಳಿ ಆದಾಗ ಶಾಲೆಗೆಂದೇ ನೇಮಿಸಿದ ಶಸ್ತ್ರಧಾರಿ ಅಧಿಕಾರಿ ಇದ್ದರು, ಗುಂಡೂ ಹಾರಿಸಿದರು. 2018ರಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ 17 ಜನ ಸತ್ತಾಗ ಶಾಲೆಯ ಪೊಲೀಸ್ ಹೊರಗೇ ನಿಂತಿದ್ದರು. ಒಂದು ತಿಂಗಳೊಳಗೆ ಫ್ಲೋರಿಡಾ ಪ್ರತಿ ಶಾಲೆಗೂ ಶಸ್ತ್ರಧಾರಿ ಕಡ್ಡಾಯ ಮಾಡಿತು. 1980ರಿಂದ 2019ರವರೆಗಿನ 133 ಶಾಲಾ ಗುಂಡಿನ ಪ್ರಕರಣಗಳನ್ನು ಸಂಶೋಧಕರು ಒಟ್ಟುಗೂಡಿಸಿ ನೋಡಿ, 2021ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಶಸ್ತ್ರಧಾರಿ ಕಾವಲು ಇದ್ದ ಕಡೆ ಸಾವಿನ ಪ್ರಮಾಣ 2.83 ಪಟ್ಟು ಜಾಸ್ತಿ. ಕಾವಲಿನವರಿಂದಲೇ ಜಾಸ್ತಿ ಆಯಿತು ಎಂದು ನಾನು ಹೇಳುವುದಿಲ್ಲ, ಆ ಅಧ್ಯಯನದಿಂದ ಅಷ್ಟು ದೂರ ಹೋಗಲಾಗದು. ಆದರೆ ಕಡಿಮೆ ಆಗುತ್ತದೆ ಅನ್ನುವುದಕ್ಕೆ ಅದರಲ್ಲಿ ಏನೂ ಸಿಗಲಿಲ್ಲ. ಸಾಯಲೆಂದೇ ಬರುವ ಹುಡುಗನಿಗೆ ಬಾಗಿಲಲ್ಲಿ ಪೊಲೀಸ್ ಇದ್ದಾನೆಂದರೆ ಹೆದರಿಕೆ ಯಾಕಾಗಬೇಕು?

ಗ್ರೂಪಿನಲ್ಲಿ ಒಬ್ಬರು ಜಾರ್ಜಿಯಾದ ಅಪಲಾಚಿ ಹೈಸ್ಕೂಲ್ ನೆನಪಿಸಿದರು. ಸರಿಯಾದ ಮಾತು. 2024ರ ಸೆಪ್ಟೆಂಬರ್ 4ರಂದು ಅಲ್ಲಿ ಶಾಲೆಯ ಪೊಲೀಸರು ಓಡಿ ಬಂದು ಎದುರು ನಿಂತರು, ಗುಂಡು ಹಾರಿಸುತ್ತಿದ್ದ ಹುಡುಗ ಶರಣಾದ. ಅವರು ಬಾರದಿದ್ದರೆ ಇನ್ನೆಷ್ಟು ಜೀವ ಹೋಗುತ್ತಿತ್ತೋ. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಅಷ್ಟರಲ್ಲಿ ನಾಲ್ವರು ಹೋಗಿದ್ದರು. ಆ ಹುಡುಗನಿಗೆ ಹದಿನಾಲ್ಕು ವರ್ಷ. ಒಂದು ವರ್ಷದ ಹಿಂದೆಯೇ ಆನ್‌ಲೈನ್ ಬೆದರಿಕೆಯ ವಿಷಯದಲ್ಲಿ ಪೊಲೀಸರು ಅವನ ಮನೆಗೆ ಹೋಗಿ ಮಾತಾಡಿಸಿ ಬಂದಿದ್ದರು. ಅವತ್ತು ಬೆಳಿಗ್ಗೆ ಅವನ ತಾಯಿ ಶಾಲೆಗೆ ಫೋನ್ ಮಾಡಿ ಎಚ್ಚರಿಸಿದ್ದರು ಎಂದೂ ಪತ್ರಿಕೆಗಳಲ್ಲಿ ಬಂತು. ಆ ಒಂದು ವರ್ಷ ಆ ಹುಡುಗನ ಜೊತೆ ವಾರಕ್ಕೊಮ್ಮೆ ಕೂತು ಮಾತಾಡುವವರು ಯಾರಾದರೂ ಇದ್ದರೇ? ನನ್ನ ಪ್ರಶ್ನೆ ಅದು. ಪೊಲೀಸರು ಬರುವುದು ಕೊನೆಯ ಐದು ನಿಮಿಷಕ್ಕೆ. ಅದಕ್ಕೂ ಹಿಂದಿನ ಒಂದು ವರ್ಷ ಯಾರ ಜವಾಬ್ದಾರಿ?

ಗುಂಡಿನ ದಾಳಿ, ದೇವರ ದಯೆ, ಹೆಚ್ಚಿನ ಶಾಲೆಗಳಲ್ಲಿ ಎಂದೂ ಆಗುವುದಿಲ್ಲ. ಹಾಗಾದರೆ ದಿನಾ ಶಾಲೆಯಲ್ಲಿರುವ ಆಫೀಸರ್ ದಿನಾ ಮಾಡುವುದೇನು? ನಾನು ಸಬ್ ಟೀಚರ್ ಆಗಿ, ಅಂದರೆ ರಜೆ ಹಾಕಿದ ಟೀಚರ್ ಬದಲಿಗೆ, ಶಾಲೆಗಳಿಗೆ ಹೋಗುವುದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಹೋದ ಚಳಿಗಾಲದಲ್ಲಿ ಒಂದು ಕ್ಲಾಸಿನಲ್ಲಿ ಆಟಿಸಂ ಇರುವ ಒಂದು ಮಗು ಏನೋ ಸದ್ದಿಗೆ ಗಾಬರಿಯಾಗಿ ಕುರ್ಚಿ ಉರುಳಿಸಿ ಕಿರುಚಲು ಶುರು ಮಾಡಿತು. ಆಫೀಸಿಗೆ ಹೇಳಿದೆ. ಕೌನ್ಸೆಲರ್ ಅವತ್ತು ಇನ್ನೊಂದು ಶಾಲೆಯಲ್ಲಿ. ಬಂದದ್ದು ಆಫೀಸರ್. ಒಳ್ಳೆಯ ಮನುಷ್ಯ, ಬೆಳಿಗ್ಗೆ ಎಲ್ಲ ಮಕ್ಕಳಿಗೂ ಕೈ ತಟ್ಟಿ ಒಳಗೆ ಕಳಿಸುವವರು. ಸೊಂಟದಲ್ಲಿ ಬಂದೂಕು, ಎದೆ ಮೇಲೆ ರೇಡಿಯೋ ಕರಕರ ಅನ್ನುತ್ತಿದೆ. ಸದ್ದಿಗೆ ಹೆದರಿದ ಮಗು ಆ ರೇಡಿಯೋ ಕೇಳಿ ಮೇಜಿನ ಕೆಳಗೆ ಸೇರಿಕೊಂಡಿತು. ಆತ ಬಾಗಿಲಲ್ಲೇ ನಿಂತು ನನ್ನ ಕಡೆ ನೋಡಿ ಮೆಲ್ಲಗೆ ಹೇಳಿದರು, "ಮೇಡಂ, ಇದು ನನ್ನ ಕೆಲಸ ಅಲ್ಲ. ನನಗೆ ಇದನ್ನು ಕಲಿಸಿಲ್ಲ." ಆಮೇಲೆ ರೇಡಿಯೋ ಆಫ್ ಮಾಡಿ ಹೊರಗೆ ಹೋದರು. ಅವತ್ತು ಆತ ಮಾಡಿದ ಅತಿ ಒಳ್ಳೆಯ ಕೆಲಸ ಅದೇ. ಮಗುವಿನ ತಾಯಿ ಬರುವವರೆಗೆ ನಾನು ನೆಲದ ಮೇಲೆ ಕೂತಿದ್ದೆ.

ಆ ಆಫೀಸರ್ ವಿವೇಕಿ. ಎಲ್ಲರೂ ಹಾಗಿರುವುದಿಲ್ಲ. 2019ರಲ್ಲಿ ಒರ್ಲ್ಯಾಂಡೋದಲ್ಲಿ ಆರು ವರ್ಷದ ಹೆಣ್ಣುಮಗುವಿನ ಕೈ ಕಟ್ಟಿ ಶಾಲೆಯಿಂದ ಕರೆದುಕೊಂಡು ಹೋದರು, ಅದು ಹಟ ಮಾಡಿ ಒದ್ದಿತು ಅಂತ. ಆ ವಿಡಿಯೋ ನಾನು ಪೂರ್ತಿ ನೋಡಲಾಗಲಿಲ್ಲ. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಇರ್ವಿಂಗ್. 2015ರಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗ ತಾನೇ ಜೋಡಿಸಿದ ಗಡಿಯಾರವನ್ನು ಟೀಚರ್‌ಗೆ ತೋರಿಸಲು ತಂದ. ಹೆದರಿಸಲು ತಂದ ಹುಸಿ ಬಾಂಬ್ ಇರಬಹುದೆಂದು ಪೊಲೀಸರು ಕೈಕೋಳ ಹಾಕಿದರು. ಕೇಸು ಹಾಕಲಿಲ್ಲ, ಹಾಕುವಂಥದ್ದು ಏನೂ ಇರಲಿಲ್ಲ. ಆ ಹುಡುಗನ ಬಣ್ಣ ನಮ್ಮ ಮಕ್ಕಳದೇ ಬಣ್ಣ. ಸೈನ್ಸ್ ಫೇರ್‌ಗೆ ವೈರು, ಬ್ಯಾಟರಿ, ಸರ್ಕ್ಯೂಟ್ ಹೊತ್ತುಕೊಂಡು ಹೋಗುವ ಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟು ಜನ ಇಲ್ಲ? "ನಮ್ಮ ಮಕ್ಕಳು ತಂಟೆಗೆ ಹೋಗುವುದಿಲ್ಲ, ನಮಗೇನು ಭಯ" ಎಂದು ಗ್ರೂಪಿನಲ್ಲಿ ಬರೆದವರೇ, ಆ ಹುಡುಗನೂ ಯಾರ ತಂಟೆಗೂ ಹೋಗಿರಲಿಲ್ಲ. ಕಪ್ಪು ಮಕ್ಕಳ ಪಾಡು ಇದಕ್ಕಿಂತ ಕಷ್ಟ. ಶಾಲೆಗೆ ಪೊಲೀಸ್ ಬಂದರೆ ಹೊಡೆದಾಟ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಒಪ್ಪುತ್ತೇನೆ, ಅಧ್ಯಯನಗಳಲ್ಲೂ ಹಾಗೇ ಬಂದಿದೆ. ಆದರೆ ಜೊತೆಗೆ ಸಸ್ಪೆನ್ಶನ್, ಅರೆಸ್ಟ್ ಎಲ್ಲ ಏರುತ್ತವೆ, ಎಲ್ಲರಿಗಿಂತ ಜಾಸ್ತಿ ಏರುವುದು ಕಪ್ಪು ಮಕ್ಕಳಿಗೆ.

ಕಾನೂನಿನಲ್ಲಿ ಒಂದು ಒಳ್ಳೆಯ ಮಾತೂ ಇದೆ, ಯಾರೂ ಅದನ್ನು ಹೇಳುವುದಿಲ್ಲ. ಶಾಲೆಯ ಪೊಲೀಸರಿಗೆ ದಿನನಿತ್ಯದ ಶಿಸ್ತಿನ ಕೆಲಸ ಕೊಡಬಾರದು ಎಂದು ಟೆಕ್ಸಾಸ್ 2019ರಲ್ಲೇ ಬರೆದಿಟ್ಟಿದೆ. ಆದರೆ ಕ್ಲಾಸಿನಲ್ಲಿ ಮಗು ಕಿರುಚುವಾಗ ಬೇರೆ ಯಾರೂ ಇಲ್ಲದಿದ್ದರೆ, ಟೀಚರ್ ಯಾರನ್ನು ಕರೆಯಬೇಕು? ಇರುವವರನ್ನೇ ಕರೆಯುತ್ತಾರೆ. ಇರುವವರು ಯಾರು ಎಂದು ತೀರ್ಮಾನಿಸುವುದು ಬಜೆಟ್. ನಿನ್ನೆ ರಾತ್ರಿ ತೀರ್ಮಾನ ಆಗಿದ್ದೂ ಅದೇ.

ನಮ್ಮಪ್ಪ ಹಳ್ಳಿ ಶಾಲೆಯ ಹೆಡ್ಮೇಷ್ಟ್ರು ಅಂತ ಹಳೆಯ ಸ್ನೇಹಿತರಿಗೆ ಗೊತ್ತು. ಯಾವ ಹುಡುಗನ ಮನೆಯಲ್ಲಿ ಅಪ್ಪ ಕುಡಿದು ಬರುತ್ತಾನೆ, ಯಾವ ಹುಡುಗಿ ಬೆಳಿಗ್ಗೆ ತಿನ್ನದೆ ಬಂದಿದ್ದಾಳೆ, ಅವರಿಗೆ ಗೊತ್ತಿರುತ್ತಿತ್ತು. ಇಲ್ಲಿ ಸಾವಿರ, ಎರಡು ಸಾವಿರ ಮಕ್ಕಳ ಶಾಲೆ, ಯಾವ ಪ್ರಿನ್ಸಿಪಾಲರಿಗೂ ಅದು ಸಾಧ್ಯವಿಲ್ಲ. ಅದಕ್ಕೇ ಕೌನ್ಸೆಲರ್ ಬೇಕು. ಅಮೆರಿಕದ ಸ್ಕೂಲ್ ಕೌನ್ಸೆಲರ್‌ಗಳ ಸಂಘವೇ 250 ಮಕ್ಕಳಿಗೆ ಒಬ್ಬರು ಇರಬೇಕು ಅನ್ನುತ್ತದೆ. ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಎಸಿಎಲ್‌ಯು ಸಂಸ್ಥೆ 2019ರಲ್ಲಿ ಲೆಕ್ಕ ಹಾಕಿದಾಗ, ಈ ದೇಶದಲ್ಲಿ 17 ಲಕ್ಷ ಮಕ್ಕಳು ಪೊಲೀಸ್ ಇರುವ, ಆದರೆ ಒಬ್ಬ ಕೌನ್ಸೆಲರ್ ಕೂಡ ಇಲ್ಲದ ಶಾಲೆಗಳಲ್ಲಿ ಓದುತ್ತಿದ್ದರು. ಪೊಲೀಸ್ ಇದ್ದು ನರ್ಸ್ ಇಲ್ಲದ ಶಾಲೆಗಳಲ್ಲಿ 30 ಲಕ್ಷ ಮಕ್ಕಳು. ಬಿದ್ದು ಮಂಡಿ ತರಚಿದರೆ ಔಷಧಿ ಹಚ್ಚುವವರಿಲ್ಲ, ಬಂದೂಕು ಇದೆ.

ಭಯ ನನಗೂ ಇದೆ. ಯಾರಿಗಿಂತಲೂ ಕಡಿಮೆ ಇಲ್ಲ. ಗುಂಡಿನ ದಾಳಿಯಾದರೆ ಅಡಗುವುದನ್ನು ಅಭ್ಯಾಸ ಮಾಡಿಸುವ ಲಾಕ್‌ಡೌನ್ ಡ್ರಿಲ್ ದಿನ ಲೈಟ್ ಆರಿಸಿ, ಬಾಗಿಲು ಹಾಕಿ, ಒಂದನೇ ಕ್ಲಾಸಿನ ಮಕ್ಕಳನ್ನು ಮೂಲೆಯಲ್ಲಿ ಕೂರಿಸಿಕೊಂಡಾಗ ಒಂದು ಪುಟ್ಟ ಹುಡುಗಿ ನನ್ನ ಕಿವಿಯಲ್ಲಿ, ನನ್ನ ಶೂ ಲೈಟ್ ಹೊಳೆಯುತ್ತದೆ ಏನು ಮಾಡಲಿ ಎಂದು ಕೇಳಿದಳು. ಅವಳ ಕಾಲಿನ ಮೇಲೆ ನನ್ನ ಸ್ವೆಟರ್ ಹೊದಿಸಿದೆ. ಅವತ್ತು ಮನೆಗೆ ಬಂದು ಅಡುಗೆ ಮಾಡಲು ಆಗಲಿಲ್ಲ. ಹಾಗಾಗಿ ಭಯಪಡುವ ಅಪ್ಪ ಅಮ್ಮಂದಿರ ಮೇಲೆ ನನಗೆ ಕೋಪವಿಲ್ಲ. ಡೆನ್ವರ್‌ನವರು 2020ರಲ್ಲಿ ಶಾಲೆಗಳಿಂದ ಪೊಲೀಸರನ್ನು ತೆಗೆಯುವ ತೀರ್ಮಾನ ಮಾಡಿ, 2023ರಲ್ಲಿ ಈಸ್ಟ್ ಹೈಸ್ಕೂಲಿನಲ್ಲಿ ಇಬ್ಬರು ಸಿಬ್ಬಂದಿಗೆ ಗುಂಡೇಟು ಬಿದ್ದ ಮೇಲೆ ಮತ್ತೆ ಕರೆಸಿದ್ದೂ ನನಗೆ ಅರ್ಥವಾಗುತ್ತದೆ. ನಾಳೆಯೇ ಎಲ್ಲ ಪೊಲೀಸರನ್ನು ಕಳಿಸಿಬಿಡಿ ಎಂದು ನಾನು ಕೇಳುತ್ತಿಲ್ಲ. ನನ್ನ ಕೋಪ ಇರುವುದು ನಮ್ಮ ಭಯಕ್ಕೆ ಅತಿ ಸುಲಭದ ಉತ್ತರ ಕೊಟ್ಟು, ಅದಕ್ಕೂ ಪೂರ್ತಿ ಹಣ ಕೊಡದೆ, ಬಿಲ್ಲನ್ನು ಕೌನ್ಸೆಲರ್‌ಗಳ ಸಂಬಳದಿಂದ ವಸೂಲು ಮಾಡುವವರ ಮೇಲೆ.

ಮುಂದಿನ ಬೋರ್ಡ್ ಮೀಟಿಂಗ್‌ನಲ್ಲಿ ಮಾತಾಡಲು ಹೆಸರು ಕೊಟ್ಟಿದ್ದೇನೆ. ಮೂರು ನಿಮಿಷ ಸಿಗುತ್ತದೆ. ಕೇಳುವುದು ಇಷ್ಟು: ಈ ವರ್ಷ ಆಫೀಸರ್‌ಗಳನ್ನು ಎಷ್ಟು ಸಲ, ಯಾವ ಕಾರಣಕ್ಕೆ ಕ್ಲಾಸಿಗೆ ಕರೆದರು ಎಂಬ ಲೆಕ್ಕ ಹೊರಗೆ ಬರಲಿ, ಮತ್ತೆ ಆ ಲೆಕ್ಕ ನೋಡುವವರೆಗೆ ಒಂದೇ ಒಂದು ಕೌನ್ಸೆಲರ್ ಹುದ್ದೆಯನ್ನೂ ಮುಟ್ಟಬೇಡಿ. ಬಂದೂಕಿನವರ ಲೆಕ್ಕಕ್ಕೆ ಸಾಲದ ಹಣವನ್ನು ಆಸ್ಟಿನ್‌ನಿಂದ ಕೇಳಿ ತನ್ನಿ, ನಾವೂ ಪತ್ರ ಬರೆಯುತ್ತೇವೆ. ನಮ್ಮ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನಲ್ಲಿ ದೊಡ್ಡ ಪಾಲು ಈ ಡಿಸ್ಟ್ರಿಕ್ಟ್‌ಗೇ ಹೋಗುತ್ತದೆ. ಸಿಟಿಜನ್ ಅಲ್ಲದವರೂ ಟ್ಯಾಕ್ಸ್ ಕಟ್ಟುತ್ತೀರಿ, ಮಾತಾಡುವುದಕ್ಕೆ ಓಟು ಬೇಕಿಲ್ಲ.

ಮೈಕ್ ಮುಂದೆ ನಿಲ್ಲಲು ಮುಜುಗರ ಅನ್ನುವವರು ಸುಮ್ನೆ ಬಂದು ಕುರ್ಚಿ ತುಂಬಿಸಿದರೂ ಸಾಕು. ಮಕ್ಕಳನ್ನು ಯಾರ ಹತ್ತಿರ ಬಿಡುವುದು ಎಂದು ಯೋಚಿಸುವವರು ನಮ್ಮ ಮನೆಯಲ್ಲಿ ಬಿಟ್ಟು ಬನ್ನಿ, ನಮ್ಮತ್ತೆ ಊರಿಂದ ಬಂದಿದ್ದಾರೆ, ಅವತ್ತು ಮಕ್ಕಳಿಗೆಲ್ಲ ಚಿತ್ರಾನ್ನ ಮಾಡುತ್ತೇನೆ ಎಂದಿದ್ದಾರೆ. ಬರುವವರು ಕೆಳಗೆ ಹೆಸರು ಹಾಕಿ.